ಉಫ್ ಪಾಪುವಿಗೆ ಮಾತು ಬರೆದ ದುಂಡಕ್ಕ

ನಮ್ಮ ಕಚೇರಿಗೆ ಹೊಸದಾಗಿ ಬಂದವರೆಲ್ಲ ದುಂಡಕ್ಕನನ್ನು ಹುಡುಕಿಕೊಂಡು ಹೋಗಿ ಬೇಸ್ತು ಬೀಳುತ್ತಿದ್ದರು. ಹೆಸರು ಕೇಳಿದ ಮೇಲೆ ಮೈಕೈ ತುಂಬಿಕೊಂಡ ಹೆಂಗಸೊಬ್ಬಳು ಅವರ ಕಣ್ಣ ಮುಂದೆ ಬಂದಿರುತ್ತಿದ್ದಳು. ಕಿಟಕಿ ಪಕ್ಕದ ಓರೆ ಮೇಜಿನ ಹಿಂದೆ ಕಾಣುತ್ತಿದ್ದದ್ದು ಮಾತ್ರ ಫ್ಯಾನಿನ ಗಾಳಿಗೂ ಹಾರಿಹೋಗುವಳೇನೋ ಎನ್ನುವಂಥ ಕಡ್ಡಿ ದೇಹ. ದುಂಡಗಿದ್ದದ್ದು ಆಕೆಯ ಅಕ್ಷರ. ಮಕ್ಕಳ ವಾರಪತ್ರಿಕೆಯ ಚಿತ್ರಕಥೆಗಳಲ್ಲಿ ಪಾತ್ರಗಳ ಬಾಯಿಂದ ಹೊರಡುತ್ತವಲ್ಲ ಗುಳ್ಳೆಗಳು, ಅವುಗಳೊಳಗೆ ಕೈಯಿಂದ ಮಾತು ಬರೆಯುವುದು ಆಕೆಯ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಳು.

ಕೇಳಿದಷ್ಟು ಸುಲಭದ ಕೆಲಸವಲ್ಲ ಅದು. ಗುಳ್ಳೆ ಯಾವಾಗಲೂ ಚಿಕ್ಕದು, ಕಥೆಗಾರರ ಮಾತು ಯಾವಾಗಲೂ ಉದ್ದ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯಬಾರದು, ದೀರ್ಘದ ಬಾಲ ಗುಳ್ಳೆಯ ಗೋಡೆಗೆ ತಗುಲಬಾರದು. ಸದ್ದುಗಳನ್ನು ಬರೆಯುವುದರಲ್ಲಂತೂ ಆಕೆಯನ್ನು ಮೀರಿಸುವವರಿರಲಿಲ್ಲ. ದುಂಡಕ್ಕ ಬರೆದ 'ಧಡಾರ್' ನೋಡಿದರೆ ಕೈ ತಾನಾಗಿ ಕಿವಿಯ ಕಡೆ ಹೋಗುತ್ತಿತ್ತು. ಆದರೆ ಸ್ವಂತದ್ದು ಅಂತ ಒಂದು ಸಾಲನ್ನೂ ಆಕೆ ಎಂದೂ ಬರೆದಿರಲಿಲ್ಲ. ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ನಾನು ಒಮ್ಮೆ ಯಾಕೆಂದು ಕೇಳಿದ್ದೆ. "ನಾನು ಬರೆಯೋಳು ಕಣೋ, ಹೇಳೋಳಲ್ಲ" ಅಂದು ನಿಬ್ಬು ಒರೆಸಿಕೊಂಡಿದ್ದಳು.

ಮನೆಯಲ್ಲಿ ಮೂವರೇ. ದುಂಡಕ್ಕ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು, ಹದಿಮೂರು ತಿಂಗಳ ಮೊಮ್ಮಗಳು. ಅಳಿಯ ಲಾರಿ ಓಡಿಸುತ್ತಿದ್ದ; ತಿಂಗಳಿಗೊಮ್ಮೆ ಬಂದಾಗ ಮಗು ಅವನನ್ನು ನೆಂಟರ ಹಾಗೆ ನೋಡುತ್ತಿತ್ತು.

ಒಂದು ಸೋಮವಾರ ನಮ್ಮ ಕಚೇರಿಯ ಮೇಲೆ ಸಿಡಿಲು ಬಡಿಯಿತು. ಪತ್ರಿಕೆಯ ನಡುಪುಟಗಳಲ್ಲಿ ಏಳು ವರ್ಷದಿಂದ 'ಮಿಂಚುಗಣ್ಣ' ಬರುತ್ತಿದ್ದ. ಕಣ್ಣಿಂದ ಮಿಂಚು ಹಾರಿಸಿ ಕಳ್ಳರನ್ನು ಹಿಡಿಯುವ, ನೀಲಿ ಶಾಲು ಹೊದ್ದ ವೀರ. ಅವನ ಕಥೆ ಬರೆಯುತ್ತಿದ್ದವರು ಸಂಪಾದಕರ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಬೇರೆ ಪತ್ರಿಕೆಗೆ ನಡೆದುಬಿಟ್ಟಿದ್ದರು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟಗಳು ಕೆಳಗಿನ ಮುದ್ರಣಾಲಯಕ್ಕೆ ಇಳಿಯಬೇಕು. ಎರಡು ಪುಟ ಖಾಲಿ.

ಸಂಪಾದಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಚಿತ್ರಗಾರ ಆಳು ಭಾರಿ, ಮಾತು ಕಮ್ಮಿ. ಅವನು ಪೆನ್ಸಿಲ್ ಚೂಪು ಮಾಡುತ್ತಾ "ಏನು ಬೇಕಾದ್ರೂ ಬರೀತೀನಿ, ಏನು ಅಂತ ಹೇಳಿ ಸಾಕು" ಅಂದ. ಯಾರಿಗೂ ಏನೂ ಹೊಳೆಯಲಿಲ್ಲ. ಸೋಮವಾರ ಹಾಗೇ ಮುಳುಗಿತು.

ಮಂಗಳವಾರ ದುಂಡಕ್ಕ ಮುಕ್ಕಾಲು ಗಂಟೆ ತಡವಾಗಿ ಬಂದಳು. ಅರ್ಧ ತಲೆ ಒದ್ದೆ, ಭುಜದ ಮೇಲೆ ಹಾಲಿನ ಕಲೆ. ಸಂಪಾದಕರು ಗಡಿಯಾರ ನೋಡಿ ಮುಖ ಗಂಟಿಕ್ಕಿದರು.

"ಏನು ಮಾಡ್ಲಿ ಸಾರ್," ಅಂದಳು ದುಂಡಕ್ಕ. "ಮನೇಲಿ ನಾನು, ಮಗಳು, ಪಕ್ಕದ ಮನೆಯವರು, ಮೂರು ಜನ ದೊಡ್ಡವರು. ಆ ಕಡೆ ಮೊಮ್ಮಗಳೊಬ್ಬಳು, ಕೈಯಲ್ಲೊಂದು ಚಮಚ. ಅರ್ಧ ಗಂಟೆ ಆಯ್ತು, ಆ ಚಮಚ ಬಿಡಿಸಿಕೊಳ್ಳೋಕೆ ನಮ್ಮ ಕೈಲಿ ಆಗಲಿಲ್ಲ. ಮೇಜಿನ ಬಟ್ಟೆ ಎಳೆದಳು, ಹಾಲಿನ ಪಾತ್ರೆ ಬಗ್ಗಿದ್ದ ನನ್ನ ತಲೆ ಮೇಲೆ. ಅವಳ ಮೈ ಮೇಲೆ ಒಂದು ಹನಿ ಇಲ್ಲ. ನಿಮ್ಮ ಮಿಂಚುಗಣ್ಣ ಬಂದಿದ್ರೂ ಅಷ್ಟೇ, ಶಾಲು ಬಿಟ್ಟು ಓಡಬೇಕಿತ್ತು."

ನಾನು ನಕ್ಕೆ. ಚಿತ್ರಗಾರ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, "ಇನ್ನೊಂದು ಸಲ ಹೇಳಿ" ಅಂದ.

"ಯಾವುದನ್ನ?"

"ಶಾಲು ಬಿಟ್ಟು ಓಡೋದನ್ನ."

ಆಮೇಲೆ ನಡೆದದ್ದನ್ನು ನಾನು ಪ್ರೂಫ್ ಬದಿಗಿಟ್ಟು ನೋಡಿದೆ. ದುಂಡಕ್ಕ ಹೇಳುತ್ತಾ ಹೋದಳು, ಚಿತ್ರಗಾರ ಗೀಚುತ್ತಾ ಹೋದ. ಮಿಂಚುಗಣ್ಣ ಕಳ್ಳರನ್ನು ಅಟ್ಟಿಸಿಕೊಂಡು ಒಂದು ಓಣಿಗೆ ನುಗ್ಗುತ್ತಾನೆ. ಓಣಿಯ ನಡುವೆ ತಳ್ಳುಗಾಡಿಯಲ್ಲಿ ಒಂದು ಮಗು, ಕೈಯಲ್ಲಿ ಹಾಲಿನ ಬಟ್ಟಲು. ಹಾಲು ಬಿಸಿ. ಮಗು ಆರಿಸಲೆಂದು 'ಉಫ್' ಅನ್ನುತ್ತದೆ. ಕಳ್ಳರು, ಅವರ ಮೂಟೆ, ಎರಡು ದೀಪದ ಕಂಬ, ಮಿಂಚುಗಣ್ಣ, ಎಲ್ಲರೂ ಹಾರಿಹೋಗಿ ಗಂಟೆಗೋಪುರದ ತುದಿಗೆ ಸಿಕ್ಕಿಕೊಳ್ಳುತ್ತಾರೆ. ಕೊನೆಯ ಚೌಕದಲ್ಲಿ ಮಗುವಿನ ತಾಯಿ ಬಾಗಿಲು ತೆರೆದು, "ಏನೇ ಅದು ಸದ್ದು?" ಅನ್ನುತ್ತಾಳೆ. ಮಗು ಹಾಲು ಕುಡಿಯುತ್ತಿರುತ್ತದೆ.

'ಉಫ್' ಎಂಬ ಎರಡಕ್ಷರವನ್ನು ದುಂಡಕ್ಕ ಎರಡು ಪುಟದ ಉದ್ದಕ್ಕೂ ಬರೆದಳು. 'ಉ'ದ ಸುರುಳಿ ಒಂದು ತುದಿಯಲ್ಲಿ, 'ಫ್'ನ ಬಾಲ ಇನ್ನೊಂದು ತುದಿಯಲ್ಲಿ. ಬುಧವಾರ ಹನ್ನೊಂದೂವರೆಗೆ ಪುಟಗಳು ಕೆಳಗಿಳಿದವು. "ಈ ವಾರ ಹೇಗೋ ಮಾನ ಉಳೀತು," ಅಂದರು ಸಂಪಾದಕರು.

ಮುಂದಿನ ವಾರ ಅಂಚೆಯವನು ಎರಡು ಚೀಲ ಹೊತ್ತು ಮೆಟ್ಟಿಲು ಹತ್ತಿಬಂದ. ಸಾಮಾನ್ಯವಾಗಿ ಅರ್ಧ ಚೀಲ ತುಂಬಿದರೆ ಹೆಚ್ಚು. ಪತ್ರಗಳನ್ನು ನೆಲಕ್ಕೆ ಸುರಿದು ಎಲ್ಲರೂ ಸುತ್ತ ಕುಳಿತೆವು. ಎಲ್ಲದರಲ್ಲೂ ಒಂದೇ ಬೇಡಿಕೆ: ಮಿಂಚುಗಣ್ಣ ಗೋಪುರದ ಮೇಲೇ ಇರಲಿ, ಉಫ್ ಪಾಪು ಮತ್ತೆ ಬರಲಿ. ಆ ಹೆಸರನ್ನು ನಾವು ಇಟ್ಟದ್ದಲ್ಲ, ಓದುವ ಮಕ್ಕಳೇ ಇಟ್ಟದ್ದು.

ಅಲ್ಲಿಂದ ಮೂರು ತಿಂಗಳು ನಮ್ಮ ಕಚೇರಿ ಕಚೇರಿಯಂತಿರಲಿಲ್ಲ. ಬೆಳಗ್ಗೆ ದುಂಡಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ "ನಿನ್ನೆ ಏನು ಮಾಡಿದಳು?" ಅಂತ ನಾಲ್ಕು ಕಡೆಯಿಂದ ಕೇಳುತ್ತಿದ್ದೆವು. ಮೊಮ್ಮಗಳು ಬೆರಳು ತೋರಿಸಿದ್ದೆಲ್ಲ ಬೇಕೆಂದು ಹಟ ಮಾಡಿದಳು. ಆ ವಾರ ಪಾಪು ಬೆರಳು ತೋರಿಸಿದ್ದೆಲ್ಲ ಹಾರಿ ಬಂದು ಮಡಿಲಿಗೆ ಬಿತ್ತು, ಒಂದು ಹಡಗೂ ಸೇರಿ. ಮೊಮ್ಮಗಳಿಗೆ ಬಿಕ್ಕಳಿಕೆ ಬಂತು. ಪಾಪುವಿನ ಪ್ರತಿ ಬಿಕ್ಕಳಿಕೆಗೂ ಊರಿಗೆ ಊರೇ ಒಂದು ಗೇಣು ಮೇಲೆ ಹಾರಿ ಕೆಳಗೆ ಕುಕ್ಕರಿಸಿತು. ಮೊಮ್ಮಗಳು ಸ್ನಾನ ಬೇಡವೆಂದಳು. ನದಿ ದಿಕ್ಕು ಬದಲಿಸಿ ಓಡಿತು. ಮುದ್ರಣಾಲಯದವರು ಎರಡು ಸಲ ಪ್ರತಿ ಹೆಚ್ಚಿಸಿದರು. ಕೆಳಗಿನಿಂದ ಯಂತ್ರದವರು ಎಣ್ಣೆ ಕೈಯಲ್ಲೇ ಮೇಲೆ ಬಂದು ಮುಂದಿನ ವಾರದ್ದು ಈಗಲೇ ತೋರಿಸಿ ಅಂತ ಪೀಡಿಸುತ್ತಿದ್ದರು.

ಹದಿನಾಲ್ಕನೆಯ ವಾರಕ್ಕೆ ಗಾಲಿ ಹೂತುಕೊಂಡಿತು. ಪಾಪುವಿನ ಎದುರು ನಿಲ್ಲುವವರು ಯಾರೂ ಉಳಿದಿರಲಿಲ್ಲ. ಸಂಪಾದಕರು ಬೇರೆ ನಕ್ಷತ್ರದಿಂದ ಒಬ್ಬ ರಾಕ್ಷಸನನ್ನು ಕರೆಸಿದರು. ಬೆಟ್ಟದಷ್ಟು ಎತ್ತರ, ಹತ್ತು ತೋಳು. ಪಾಪು ಆಕಳಿಸಿದಳು, ರಾಕ್ಷಸ ಬಾಯೊಳಗೆ ಹೋದ, ಪಾಪು ತೇಗಿದಳು, ಕಥೆ ಮುಗಿಯಿತು. ಒಂದೂವರೆ ಪುಟ ಇನ್ನೂ ಖಾಲಿಯಿತ್ತು. ಆ ವಾರ ಬಂದ ಪತ್ರಗಳಲ್ಲಿ ನೇರಳೆ ಪೆನ್ಸಿಲಿನದೊಂದಿತ್ತು, ಒಂಬತ್ತು ವರ್ಷದ ಹುಡುಗಿಯದು: "ಪಾಪು ಗೆಲ್ಲುತ್ತಾಳೆ ಅಂತ ಮೊದಲೇ ಗೊತ್ತು. ಅದಕ್ಕೆ ನಾನು ಈಗ ಪದಬಂಧ ಮಾತ್ರ ನೋಡುತ್ತೇನೆ."

ಸಂಪಾದಕರು ಅದನ್ನು ಎರಡು ಸಲ ಓದಿದರು. "ಈ ಹುಡುಗಿ ಹೇಳೋದು ಸರಿ. ಶಕ್ತಿ ಜಾಸ್ತಿ ಆಯ್ತು. ಒಬ್ಬ ವಿಜ್ಞಾನಿ ಬಂದು ಪಾಪು ಕೈಗೆ ಒಂದು ಬಳೆ ಹಾಕಲಿ. ಬಳೆ ಇರೋವರೆಗೂ ಶಕ್ತಿ ಇಲ್ಲ. ಆಗ ಮಜಾ ಇರುತ್ತೆ."

"ಆಗಲ್ಲ ಸಾರ್," ಅಂದಳು ದುಂಡಕ್ಕ.

ಇಪ್ಪತ್ತಾರು ವರ್ಷದಲ್ಲಿ ಆಕೆಯ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ತಪ್ಪು ಕಾಗುಣಿತದ ಕಥೆಗಳನ್ನೂ ತುಟಿಪಿಟಕ್ಕೆನ್ನದೆ ಬರೆದುಕೊಟ್ಟವಳು.

"ಯಾಕಾಗಲ್ಲ?"

"ಮಗು ಕೈ ಕಟ್ಟಿಹಾಕಿ ಕಥೆ ಮುಂದಕ್ಕೆ ಹೋಗುತ್ತಾ? ಅದು ಪಾಪು ಕಥೆ ಅಲ್ಲ, ಬಳೆ ಕಥೆ."

"ಹಾಗಾದ್ರೆ ಬೇರೆ ದಾರಿ ಹೇಳಿ."

ದುಂಡಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದಳು. ಚಿತ್ರಗಾರ ಒಲ್ಲದ ಮನಸ್ಸಿನಿಂದ ಬಳೆಯ ಕಥೆಯನ್ನು ಬರೆದ. ಮಂಗಳವಾರ ಸಂಜೆ ಮಗುವಿಗೆ ಮೈ ಬೆಚ್ಚಗಿದೆ ಅಂತ ಮಗಳ ಫೋನು ಬಂತು. ದುಂಡಕ್ಕ ಪುಟಗಳನ್ನು ರಟ್ಟಿನ ನಡುವೆ ಕಟ್ಟಿಕೊಂಡು, ಮನೆಯಲ್ಲೇ ಮಾತು ಬರೆದು ಬೆಳಗ್ಗೆ ತರುತ್ತೇನೆಂದು ಹೊರಟಳು.

ಬುಧವಾರ ಬೆಳಗ್ಗೆ ಮನೆಯಲ್ಲಿ ನಡೆದದ್ದನ್ನು ಆಕೆ ಆಮೇಲೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಕಂಡಷ್ಟು ಚೆನ್ನಾಗಿ ಗೊತ್ತು. ಮಗಳು ಏಳಕ್ಕೆ ಡ್ಯೂಟಿಗೆ ಹೋದಳು. ಮಗುವಿನ ಜ್ವರ ಇಳಿದಿತ್ತು, ಚೈತನ್ಯ ಏರಿತ್ತು. ದುಂಡಕ್ಕ ಕೊನೆಯ ಗುಳ್ಳೆಯನ್ನೂ ಬರೆದು ಮುಗಿಸಿ, ಒಣಗಲೆಂದು ಪುಟಗಳನ್ನು ನೆಲದ ಮೇಲೆ ಹರಡಿ, ಒಲೆಯ ಮೇಲಿನ ಹಾಲು ನೋಡಲು ಹೋದಳು. ಒಂದು ನಿಮಿಷ ಹೆಚ್ಚೆಂದರೆ. ತಿರುಗಿ ಬಂದಾಗ ಮಸಿಯ ದೌತಿ ಬೋರಲು ಬಿದ್ದಿತ್ತು. ಮಗು ಎರಡೂ ಕೈ ಮಸಿಯಲ್ಲಿ ಅದ್ದಿ ಎರಡನೆಯ ಪುಟದ ಮೇಲೆ ಅಂಬೆಗಾಲಿಡುತ್ತಿತ್ತು. ಆರು ಚೌಕಗಳ ಮೇಲೂ ಮಸಿ, ನಡುವೆ ಒಂದು ಕಪ್ಪು ಹಸ್ತ, ಐದು ಬೆರಳೂ ಸ್ಪಷ್ಟ.

ದುಂಡಕ್ಕನ ಮುಖ ಇಳಿದುಹೋಯಿತು. "ಅಯ್ಯೋ, ಹೋಯ್ತು," ಅಂದಳು.

ಮಗು ತಲೆಯೆತ್ತಿತು. ಅಷ್ಟು ಹೊತ್ತು ನಗುತ್ತಿದ್ದದ್ದು ಅಜ್ಜಿಯ ಮುಖ ನೋಡಿತು. ಕೆಳತುಟಿ ಮುಂದೆ ಬಂತು. ತನ್ನ ಕೈ ನೋಡಿಕೊಂಡಿತು, ಮತ್ತೆ ಅಜ್ಜಿಯ ಮುಖ ನೋಡಿತು, ಆಮೇಲೆ ಮನೆ ಕಿತ್ತುಹೋಗುವಂತೆ ಅಳತೊಡಗಿತು.

ದುಂಡಕ್ಕ ಮಸಿಯನ್ನೂ ಲೆಕ್ಕಿಸದೆ ಅದನ್ನು ಎತ್ತಿಕೊಂಡಳು. "ಏನೂ ಆಗಿಲ್ಲ ಕಂದ, ಏನೂ ಆಗಿಲ್ಲ." ಹೇಳುತ್ತಾ ಹೇಳುತ್ತಾ ತನ್ನ ಮುಖವನ್ನು ತಾನೇ ಸರಿಮಾಡಿಕೊಂಡಳು, ಸುಕ್ಕಾದ ಬಟ್ಟೆಯನ್ನು ಅಂಗೈಯಿಂದ ತೀಡುವ ಹಾಗೆ. ಮಗುವಿನ ಅಳು ನಿಂತಿತು. ಕಪ್ಪು ಕೈಯಿಂದ ಅಜ್ಜಿಯ ಮೂಗು ಹಿಡಿಯಿತು.

ಆ ಕ್ಷಣದಲ್ಲಿ ದುಂಡಕ್ಕನಿಗೆ ಹೊಳೆಯಿತು. ಮೂಗಿನ ಮೇಲೆ ಮಸಿಯಿಟ್ಟುಕೊಂಡೇ ಮಗುವನ್ನು ಕಂಕುಳಿಗೆ ಏರಿಸಿ, ಪುಟಗಳನ್ನು ರಟ್ಟಿಗೆ ಸೇರಿಸಿ ಬಸ್ಸಿಗೆ ಓಡಿದಳು.

ಹತ್ತು ಗಂಟೆಗೆ ಆಕೆ ಒಳಗೆ ನುಗ್ಗಿದ್ದನ್ನು ನಾನು ಮರೆತಿಲ್ಲ. ಅಜ್ಜಿ, ಮೊಮ್ಮಗಳು ಇಬ್ಬರೂ ಕಲ್ಲಿದ್ದಲು ಗಣಿಯಿಂದ ಎದ್ದುಬಂದವರ ಹಾಗಿದ್ದರು. ಪುಟ ಬಿಚ್ಚಿ ಮೇಜಿನ ಮೇಲಿಟ್ಟಳು. ಸಂಪಾದಕರು ಗಡಿಯಾರ ನೋಡಿದರು. ಎರಡು ಗಂಟೆ ಉಳಿದಿತ್ತು.

"ಬೈಯೋದು ಆಮೇಲೆ ಇರಲಿ ಸಾರ್. ಮೊದಲು ಇದನ್ನ ನೋಡಿ," ಅಂದಳು ದುಂಡಕ್ಕ. ಮಗುವನ್ನು ಕೆಳಗೆ ನಿಲ್ಲಿಸಿದಳು. ಅದಕ್ಕಾಗ ನಡಿಗೆ ಹೊಸದು. ನಾಲ್ಕು ಹೆಜ್ಜೆ ಇಟ್ಟು ಕಪಾಟಿನ ಬಳಿ ಕುಂಡೆಯೂರಿ ಧಪ್ಪೆಂದು ಬಿತ್ತು. ನಾವೆಲ್ಲ "ಅಯ್ಯೋ ಅಯ್ಯೋ" ಅಂತ ಮುಂದೆ ಬಾಗಿದೆವು. ಮಗು ನಮ್ಮನ್ನೆಲ್ಲ ಒಮ್ಮೆ ನೋಡಿ ಭೋರೆಂದು ಅತ್ತಿತು.

ದುಂಡಕ್ಕ ಸಮಾಧಾನ ಮಾಡಿ ಮತ್ತೆ ನಿಲ್ಲಿಸಿದಳು. "ಈ ಸಲ ಬಿದ್ರೆ ಯಾರೂ ಮುಖ ಕೆಡಿಸಬೇಡಿ. ನಗ್ತಾ ಇರಿ. ಸಾರ್, ನೀವೂ."

ಮಗು ನಡೆಯಿತು, ಅದೇ ಜಾಗದಲ್ಲಿ ಮೊದಲಿಗಿಂತ ಜೋರಾಗಿ ಬಿತ್ತು. ಮತ್ತೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿತು. ನಾನು ನಕ್ಕೆ. ಚಿತ್ರಗಾರ ಗಡ್ಡದೊಳಗೆ ನಕ್ಕ. ಸಂಪಾದಕರು ಪಾಸ್‌ಪೋರ್ಟ್ ಫೋಟೋಕ್ಕೆ ಕುಳಿತವರ ಹಾಗೆ ಹಲ್ಲು ಬಿಟ್ಟರು. ಮಗುವಿನ ಕಣ್ಣು ಅವರ ಮೇಲೆ ತುಸು ಹೊತ್ತು ಅನುಮಾನದಿಂದ ನಿಂತಿತು. ಆಮೇಲೆ ಅದು ಕೇಕೆ ಹಾಕಿ ಚಪ್ಪಾಳೆ ತಟ್ಟಿತು.

"ನೋಡಿದ್ರಾ?" ಅಂದಳು ದುಂಡಕ್ಕ. "ಏನಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ನಮ್ಮ ಮುಖ ನೋಡಿ ತಿಳ್ಕೊಳ್ಳುತ್ತೆ. ಪಾಪುಗೂ ಅಷ್ಟೇ. ತಾನು ಊರನ್ನೇ ಎತ್ತಬಲ್ಲೆ ಅಂತ ಅವಳಿಗೆಲ್ಲಿ ಗೊತ್ತು? ಊರವರು ಹೆದರಿದ್ರೆ ಅವಳು ಹೆದರ್ತಾಳೆ. ಅವಳು ಹೆದರಿ ಅತ್ತರೆ ಊರು ಉಳಿಯಲ್ಲ. ಇಷ್ಟು ದಿನ ಅವಳನ್ನ ಸೋಲಿಸೋರನ್ನ ಹುಡುಕ್ತಾ ಇದ್ವಿ. ಸೋಲಿಸೋರು ಬೇಡ ಸಾರ್. ಸುತ್ತ ಮನೆ ಬೀಳ್ತಿದ್ರೂ ಅವಳ ಮುಂದೆ ಮುಖ ಗಟ್ಟಿ ಹಿಡ್ಕೊಂಡು ನಗೋರು ಒಬ್ಬರು ಬೇಕು. ಆಗುತ್ತಾ ಆಗಲ್ವಾ ಅನ್ನೋದೇ ಕಥೆ."

ಸಂಪಾದಕರು ಇನ್ನೂ ಹಲ್ಲು ಬಿಟ್ಟುಕೊಂಡೇ ನಿಂತಿದ್ದರು. ಮುಚ್ಚಲು ಮರೆತಿದ್ದರು. ಚಿತ್ರಗಾರ ಆಗಲೇ ಮಸಿಯ ಪುಟವನ್ನು ತನ್ನ ಹಲಗೆಗೆ ಏರಿಸಿ ಪಿನ್ನು ಚುಚ್ಚುತ್ತಿದ್ದ. "ಕೈ ಇರಲಿ," ಅಂದ. "ಇದು ಪಾಪು ಕೈ."

ಅಂಥ ಎರಡು ಗಂಟೆಯನ್ನು ನಾನು ಮತ್ತೆ ಕಂಡಿಲ್ಲ. ಚಿತ್ರಗಾರ ಬಳೆಯ ಚೌಕಗಳನ್ನೆಲ್ಲ ಬಿಳಿ ಬಣ್ಣದಿಂದ ಮುಚ್ಚಿದ. ಕಪ್ಪು ಹಸ್ತದ ಬೆರಳುಗಳ ಸುತ್ತ ಒರಗಿದ ಗೋಡೆಗಳು, ಹಾರುವ ಹೆಂಚುಗಳು, ಕಿರುಚುತ್ತಾ ಓಡುವ ಜನ ಮೂಡಿದರು. ಹೆದರಿದ ಜನರನ್ನು ನೋಡಿ ಪಾಪುವಿಗೆ ಮೊದಲ ಸಲ ಅಳು ಬಂದಿದೆ. ಬಿರುಗಾಳಿ ಎದ್ದಿದೆ. ಅವಳ ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ತಾಯಿ ಮಾತ್ರ ಗಾಳಿಗೆ ಎದೆಯೊಡ್ಡಿ ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ. ಪಾಪು ಅವಳ ಮುಖ ನೋಡುತ್ತಾಳೆ. ಮುಖದಲ್ಲಿ ಹೆದರಿಕೆಯ ಒಂದು ಗೆರೆ ಕಂಡರೂ ಮುಗಿಯಿತು. ತಾಯಿಯ ಹಿಂದೆ ಅವಳದೇ ಮನೆ ಕುಸಿಯುತ್ತಿದೆ.

ಮಗುವನ್ನು ನೋಡಿಕೊಳ್ಳುವ ಪಾಳಿ ಸಂಪಾದಕರದಾಯಿತು. ಅದು ಅವರ ಕನ್ನಡಕ ಕಿತ್ತುಕೊಂಡಾಗಲೂ ಅವರು ಎಚ್ಚರಿಕೆಯಿಂದ ನಗುತ್ತಲೇ ಇದ್ದರು. ಮುದ್ರಣಾಲಯದಿಂದ ಹನ್ನೊಂದೂಕಾಲಿಗೆ ಒಂದು ಕರೆ ಬಂತು, ಮುಕ್ಕಾಲಿಗೆ ಇನ್ನೊಂದು. ತಾಯಿಯ ಗುಳ್ಳೆಯೊಂದು ಉಳಿದಿತ್ತು. ದುಂಡಕ್ಕ ನಿಬ್ಬು ಅದ್ದಿ ಒಂದು ಕ್ಷಣ ಕೈ ತಡೆದಳು. ಯಾರೂ ಬರೆದುಕೊಡದ ಮಾತನ್ನು ಬರೆಯುವುದು ಅವಳಿಗೆ ಅಭ್ಯಾಸವಿರಲಿಲ್ಲ. ಇಷ್ಟು ದಿನ ಆಕೆ ಹೇಳಿದ್ದನ್ನು ಸಂಪಾದಕರು ಸಾಲಾಗಿ ತಿದ್ದಿ ಕೊಡುತ್ತಿದ್ದರು. ಈಗ ಅವರ ಕೈಯಲ್ಲಿ ಮಗುವಿತ್ತು. ಆಕೆ ಬರೆದಳು, ಬಹಳ ಸಣ್ಣ ಅಕ್ಷರದಲ್ಲಿ: "ಏನೂ ಆಗಿಲ್ಲ ಕಂದ."

ಹನ್ನೆರಡೂ ಐದಕ್ಕೆ ನಾನೇ ಪುಟ ಹಿಡಿದು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ. ಯಂತ್ರದವರು ಬೈಯಲು ಬಾಯಿ ತೆರೆದರು. ಪುಟ ನೋಡಿ ಬಾಯಿ ಮುಚ್ಚಿಕೊಂಡರು.

ಆ ಸಂಚಿಕೆಗೆ ನಾಲ್ಕು ಚೀಲ ಪತ್ರ ಬಂದವು. ಈ ಸಲ ಮಕ್ಕಳಷ್ಟೇ ಅಲ್ಲ, ಅಮ್ಮಂದಿರೂ ಬರೆದಿದ್ದರು. ತಾಯಿ ನಗುತ್ತಾ ಇರಲು ಆಗುತ್ತದೋ ಇಲ್ಲವೋ ಎಂದು ಮುಂದಿನ ವಾರದವರೆಗೆ ಕಾಯಲಾರದೆ ಒಬ್ಬರು ತಂತಿ ಕಳಿಸಿದ್ದರು. ಪಾಪುವಿನ ಊರವರು ಒಬ್ಬೊಬ್ಬರಾಗಿ ಮುಖ ಗಟ್ಟಿ ಹಿಡಿಯಲು ಕಲಿತದ್ದೇ ಮುಂದಿನ ಕಥೆಗಳಾದವು. ಅಂಚೆಯವನು ಕಲಿತ, ಮುಂಗೋಪಿ ಮೇಷ್ಟ್ರು ಕಲಿತರು, ಗೋಪುರದಿಂದ ಇಳಿದ ಮಿಂಚುಗಣ್ಣ ಎಲ್ಲರಿಗಿಂತ ನಿಧಾನಕ್ಕೆ ಕಲಿತ. ಪಾಪುವಿನ ಶಕ್ತಿ ವಾರವಾರಕ್ಕೂ ಹೆಚ್ಚುತ್ತಲೇ ಹೋಯಿತು. ಯಾರೂ ಅದನ್ನು ಕಡಿಮೆ ಮಾಡೆಂದು ಹೇಳಲಿಲ್ಲ.

ಎರಡು ತಿಂಗಳ ಮೇಲೆ ಸಂಪಾದಕರು ಒಂದು ಚೀಟಿಯನ್ನು ದುಂಡಕ್ಕನ ಮೇಜಿನ ಮೇಲಿಟ್ಟು ಹೋದರು. ಚಿತ್ರಕಥೆಯ ತಲೆಯಲ್ಲಿ ಹಾಕಬೇಕಾದ ಸಾಲು ಅದರಲ್ಲಿತ್ತು: 'ಕಥೆ, ಅಕ್ಷರ: ದುಂಡಕ್ಕ'. ಬೇರೆಯವರ ಹೆಸರನ್ನು ನೂರಾರು ಸಲ ಕಣ್ಣು ಮುಚ್ಚಿ ಬರೆದವಳು ತನ್ನ ಹೆಸರಿನ 'ಕ'ಕ್ಕೆ ಒತ್ತು ಕೊಡುವಾಗ ಎಡವಿದಳು. ಮೂರು ಕಾಗದ ಹಾಳಾದವು. ನಾನು ಕೆಮ್ಮಿ ಆ ಕಡೆ ತಿರುಗಿ ಕುಳಿತೆ.

ನಾಲ್ಕನೆಯ ವರ್ಷ ಉಫ್ ಪಾಪುವಿಗೆ ಮಾತು ಬರಿಸುವ ನಿರ್ಧಾರವಾಯಿತು. ಅಷ್ಟರಲ್ಲಿ ದುಂಡಕ್ಕನ ಮೊಮ್ಮಗಳು ಶಾಲೆಯ ಚೀಲ ಹೊತ್ತು ಓಡಾಡುತ್ತಿದ್ದಳು, ಪಾಪು ಮಾತ್ರ ಅಂಬೆಗಾಲಿನಲ್ಲೇ ಇದ್ದಳು. ಮೊದಲ ಮಾತು ಯಾವುದಿರಬಹುದು, ಊಹಿಸಿ ಬರೆಯಿರಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿದೆವು. ಆರು ವಾರ ಚೀಲಗಳು ಬಂದು ಬಿದ್ದವು. ಅಮ್ಮ, ಅಪ್ಪ, ಹಾಲು, ಚಂದ್ರ, ಉಫ್. ಹೊರಗೆ ಗೊತ್ತಾಗದಿರಲೆಂದು ದುಂಡಕ್ಕ ಆ ಒಂದು ಗುಳ್ಳೆಯನ್ನು ಖಾಲಿ ಬಿಟ್ಟು, ಯಂತ್ರಕ್ಕೆ ಹೋಗುವ ಹತ್ತು ನಿಮಿಷ ಮೊದಲು ಮುದ್ರಣಾಲಯದಲ್ಲಿ ನಿಂತೇ ಬರೆದಳು. ಸುತ್ತ ಹನ್ನೆರಡು ಜನ ಕತ್ತು ಚಾಚಿ ನಿಂತಿದ್ದೆವು. ಎರಡಕ್ಷರ: "ಬೇಡ."

ಯಂತ್ರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರಲ್ಲಿ ಒಬ್ಬರು, ಮನೆಯಲ್ಲಿ ಎರಡು ವರ್ಷದ ಅವಳಿ ಮಕ್ಕಳಿದ್ದವರು, ಥಟ್ಟನೆ ನಗು ನಿಲ್ಲಿಸಿ "ಇನ್ನು ಆ ಊರಿನ ಗತಿ ಏನು?" ಅಂದರು.

ಸಂಚಿಕೆ ಬಂದ ದಿನ ಬೆಳಗ್ಗೆ ದುಂಡಕ್ಕ ಎಂದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದಳು. ಮುಂದಿನ ಸೀಟಿನಲ್ಲಿ ಟೈ ಕಟ್ಟಿಕೊಂಡ ಇಬ್ಬರು ನಡುವಯಸ್ಸಿನವರು ಪತ್ರಿಕೆಯನ್ನು ಇಬ್ಬರ ಮಡಿಲಿಗೂ ಬರುವಂತೆ ಹರಡಿಕೊಂಡು ಕಾದಾಡುತ್ತಿದ್ದರು.

"ಹಾಲು ಬೇಡ ಅಂದಿದ್ದು ಕಣೋ. ಬಟ್ಟಲು ನೋಡು."

"ಬಟ್ಟಲು ದೂರ ಇದೆ. ಅವಳು ನೋಡ್ತಿರೋದು ಸೂರ್ಯನ್ನ. ಸೂರ್ಯ ಬೇಡ ಅಂತಿದಾಳೆ. ನಾಳೆ ಬೆಳಗಾಗಲ್ಲ, ನೋಡ್ತಿರು."

ಹಿಂದಿನ ಸೀಟಿನ ಶಾಲಾ ಹುಡುಗಿ ಎದ್ದು ನಿಂತು ಇಬ್ಬರೂ ತಪ್ಪು ಅಂದಳು. ಪಾಪುವಿಗೆ ನಿದ್ದೆ ಬೇಡ, ಅಷ್ಟೂ ತಿಳಿಯದೇ? ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಪುಟದ ಮೇಲೆ ಬಗ್ಗಿದ. ವಾದ ಬಸ್ಸಿನ ಹಿಂಬದಿಯವರೆಗೂ ಹಬ್ಬಿತು. ದುಂಡಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ಒಬ್ಬೊಬ್ಬರು ಹೇಳುವುದನ್ನೂ ಕಿವಿಗೊಟ್ಟು ಕೇಳುತ್ತಾ ಕುಳಿತಳು. ಕಚೇರಿಯ ನಿಲ್ದಾಣ ಬಂದು ಹೋಯಿತು. ಮುಂದಿನದೂ ಹೋಯಿತು. ಆ ದಿನ ಆಕೆ ಒಂದು ಗಂಟೆ ತಡವಾಗಿ ಬಂದಳು, ಬಂದವಳೇ ಕಾಗದ ಎಳೆದುಕೊಂಡು, "ಪಾಪುಗೆ ಬೇಡವಾದದ್ದು ಸೂರ್ಯನೇ ಇರಲಿ" ಅಂತ ಚಿತ್ರಗಾರನಿಗೆ ಹೇಳಿದಳು.